ಗೂಳಪ್ಪನ ಮೋಟಾರಿನ ಬ್ರೇಕು

ಮೋಟಾರಿನ ಅಡಿಯಿಂದ ಗರಗಸದ ಸಪ್ಪಳ ಕೇಳಿದಾಗಲೇ ಶಿವಬಸವ್ವನಿಗೆ ಸಂಶಯ ಬಂತು. ಬಗ್ಗಿ ನೋಡಿದಳು. ಗಂಡ ಗೂಳಪ್ಪ ಅಂಗಾತ ಮಲಗಿ ಬ್ರೇಕಿನ ಪೈಪು ಕೊಯ್ಯುತ್ತಿದ್ದ. ತುಕ್ಕು ತಿಂದ ಪೈಪು ಹಪ್ಪಳದಂತೆ ಮುರಿದು ಉದುರುತ್ತಿತ್ತು.

"ಎಲ್ಲಾ ಪೈಪೂ ಬದಲಿ ಮಾಡತೀರೇನ್ರಿ?"

"ಮುಂದಿನವು ಅಷ್ಟ. ಹಿಂದಿಂದಕ್ಕ ಸಫೇದಾ ಬಣ್ಣ ಹಚ್ಚಿ ಅರಿವಿ ಸುತ್ತಿದರ ಸಾಕು."

"ಹೋದ ಸಲಾನೂ ಹಿಂಗ ಅಂದಿದ್ರಿ. ಕಾತ್ರಜ ಘಾಟಿನ್ಯಾಗ ಬಸೂಗ ಪೆಟ್ಟಾತು. ಒಂದು ತಿಂಗಳು ಕುಂಟಿದ ನನ್ನ ಕೂಸು."

ಅಡಿಯಲ್ಲಿ ಗರಗಸ ಜೋರಾಯಿತು.

ಅದು ೧೯೪೪. ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲದ ವ್ಯಾಪಾರಿಗಳು ನಲವತ್ತು ಜನರಿದ್ದರು. ಮೋಟಾರು ಇದ್ದವನು ಗೂಳಪ್ಪ ಒಬ್ಬನೇ. ಖಡಕಿಯ ಗೋರಾ ಸಾಹೇಬನೊಬ್ಬ ವಿಲಾಯತಿಗೆ ಹೋಗುವಾಗ ಬಿಟ್ಟುಹೋದ ಗಾಡಿಯನ್ನು ಹರಾಜಿನಲ್ಲಿ ಹಿಡಿದಿದ್ದ. ಯುದ್ಧಕಾಲ. ಊರಿನ ಮೋಟಾರಿನವರೆಲ್ಲ ಪೆಟ್ರೋಲಿನ ಕೂಪನ್ನಿಗಾಗಿ ಬಿಸಿಲಲ್ಲಿ ಸಾಲು ನಿಂತರು. ಗೂಳಪ್ಪ ಒಂದು ದಿನವೂ ನಿಂತವನಲ್ಲ. ಸಾಲು ನಿಲ್ಲುವುದು ಮರ್ಯಾದೆಗೆ ಕಡಿಮೆ ಎನ್ನುತ್ತಿದ್ದ.

ಈಗ ಶಿರವಳದ ನಿಜಲಿಂಗಪ್ಪ, ಗೂಳಪ್ಪನ ಮಗಳು ಕಾಶವ್ವನನ್ನು ಸೊಸೆ ಮಾಡಿಕೊಳ್ಳಲು ಒಪ್ಪಿ, ಗುರುವಾರ ನಿಶ್ಚಯಕ್ಕೆ ಬರಹೇಳಿದ್ದ. "ತಮ್ಮದು ಮೋಟಾರಿನ ಮನೆತನವೆಂದು ಕೇಳಿ ಸಂತೋಷವಾಯಿತು" ಎಂದು ಕಾಗದದಲ್ಲಿತ್ತು. ಆ ಒಂದು ಸಾಲನ್ನು ಗೂಳಪ್ಪ ಬೆಲ್ಲ ಕೊಳ್ಳಲು ಬಂದವರಿಗೆಲ್ಲ ಓದಿ ಹೇಳಿದ. ಬಸ್ಸಿಗೆ ಹೋಗೋಣವೆಂದ ಹೆಂಡತಿಯ ಮಾತು ಗಾಳಿಗೆ ಹೋಯಿತು.

ಬ್ರೇಕಿನ ಸಲುವಾಗಿ ಮೊದಲು ಅವನು ಸ್ವಾರಗೇಟಿನ ಮೆಕ್ಯಾನಿಕ್ ಸದಾನಂದನನ್ನು ಕರೆಸಿದ್ದ. ಮಂಗಳೂರು ಕಡೆಯ ಸದಾನಂದ ಮೋಟಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೈಮುಗಿದ.

"ಇದು ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ. ನನ್ನ ಬೋರ್ಡಿನಲ್ಲಿ ಮೋಟಾರು ರಿಪೇರಿ ಅಂತ ಮಾತ್ರ ಉಂಟು."

ಗೂಳಪ್ಪನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅವನಿಂದ ತಾಮ್ರದ ಪೈಪು ಮಾತ್ರ ತರಿಸಿಕೊಂಡು ತಾನೇ ಗಾಡಿಯ ಅಡಿಗೆ ಸೇರಿದ.

ಬ್ರೇಕಿನ ಎಣ್ಣೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಔಡಲೆಣ್ಣೆಗೆ ಸ್ಪಿರಿಟ್ ಬೆರೆಸಿದರೆ ಕೆಲಸ ನಡೆಯುತ್ತದೆಂದು ಯಾರೋ ಹೇಳಿದ್ದರು. ಅವನು ಅಡಿಗೆಮನೆಯ ಔಡಲೆಣ್ಣೆಯ ಬಾಟಲಿಗೆ ಕೈಹಾಕಿದಾಗ ಶಿವಬಸವ್ವ ಕೇಳಿದಳು, "ಯಾಕ್ರಿ, ಮೋಟಾರಿಗೂ ಹೊಟ್ಟಿ ಕಟ್ಟೇದೇನು?"

ಪೈಪಿನೊಳಗಿನ ಗಾಳಿ ತೆಗೆಯಲು ಅವಳನ್ನೇ ಸ್ಟೇರಿಂಗ್ ಮುಂದೆ ಕೂರಿಸಿ ಪೆಡಲು ತುಳಿಸಿದ. "ತುಳಿ... ಹಾಂ, ಬಿಡು. ಮತ್ತ ತುಳಿ." ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ತನ್ನ ಕಾಲ ಕೆಳಗೆ ಮಲಗಿದ್ದು ಇದೇ ಮೊದಲು ಎಂದು ಅವಳು ಮನಸ್ಸಿನಲ್ಲೇ ನಕ್ಕಳು.

ಸಂಜೆ ಗೂಳಪ್ಪ ಕೈ ಒರೆಸಿಕೊಂಡ. "ಮುಗೀತು. ಬುಧವಾರ ನಸುಕಿನ್ಯಾಗ ಹೊಂಡೂದು." ಮೂವತ್ತು ಮೈಲಿನ ದಾರಿಗೆ ಒಂದು ದಿನ ಮೊದಲೇ ಹೊರಡುವಷ್ಟು ಮುಂದಾಲೋಚನೆ ಅವನಿಗಿತ್ತು. ಬ್ರೇಕಿನ ವಿಷಯದಲ್ಲಿ ಮಾತ್ರ ಇರಲಿಲ್ಲ.

ಶಿವಬಸವ್ವ ಸೀಟು ಬಿಟ್ಟು ಇಳಿಯಲಿಲ್ಲ.

"ಘಾಟಿನ್ಯಾಗ ಬ್ರೇಕ್ ಹತ್ತಲಿಲ್ಲಂದ್ರ ಮೊದಲ ಸಾಯೂದು ನೀವಲ್ಲ. ಮುಂದ ಇರೂ ಬಸು, ಚೆನ್ನ. ಸಣ್ಣವರಿದ್ದಾಗಿಂದ ನನ್ನ ಕೈಯಾಗ ತಿಂದು ಬೆಳದಾರ. ಅವರಿಗೇನರ ಆದ್ರ ನಾ ನಿಮ್ಮ ಮಾರಿ ನೋಡಂಗಿಲ್ಲ."

"ಏನೂ ಆಗಂಗಿಲ್ಲ ಅಂದೆನಲ್ಲ?"

"ಹಂಗಾರ ನಮ್ಮ ಓಣಿ ಇಳುಕಲಿನ್ಯಾಗ ನೀವ ಮುಂದ ನಿಂದರ್ರಿ. ಹಮಾಲರು ಹಿಂದಿಂದ ದೂಡತಾರ. ಬ್ರೇಕು ನಾ ತುಳೀತೀನಿ."

ಗೂಳಪ್ಪ ಇಳುಕಲನ್ನು ನೋಡಿದ. ಪೆಡಲಿನ ಮೇಲಿದ್ದ ಹೆಂಡತಿಯ ಪಾದ ನೋಡಿದ. ಅರಿವೆ ಸುತ್ತಿದ ಹಿಂದಿನ ಪೈಪು ನೆನಪಾಯಿತು.

"ತಡಿ," ಎಂದ. "ಒಂದೀಟು ಕೆಲಸ ಉಳದದ."

ಆ ಒಂದೀಟು ಕೆಲಸಕ್ಕೆ ಪೂರಾ ಎರಡು ದಿನ ಹಿಡಿಯಿತು. ಮಂದಿಯ ಜೀವಕ್ಕೆ ಅರಿವೆ ಸಾಕಾಗಿತ್ತು. ತನ್ನ ಜೀವಕ್ಕೆ ತಾಮ್ರವೇ ಬೇಕಾಯಿತು. ಹಿಂದಿನ ಪೈಪನ್ನೂ ಕಿತ್ತು ಹೊಸದು ಹಾಕಿದ. ಒಂದೊಂದು ನಟ್ಟನ್ನೂ ಮೂರು ಮೂರು ಸಲ ಬಿಗಿದ. ಅಂಗಡಿಯ ಬಾಗಿಲನ್ನೂ ತೆರೆಯಲಿಲ್ಲ.

ಮಂಗಳವಾರ ಸಂಜೆ ಹಮಾಲರು ದೂಡಿದರು. ಮೋಟಾರು ಸದ್ದಿಲ್ಲದೆ ಇಳುಕಲಿನಲ್ಲಿ ಉರುಳತೊಡಗಿತು. ಗೂಳಪ್ಪ ಕಣ್ಣು ಮುಚ್ಚಿ ಶಿವ ಶಿವ ಎಂದ. ಶಿವಬಸವ್ವ ಹಲ್ಲು ಕಚ್ಚಿ ತುಳಿದಳು. ಅವನ ಧೋತರಕ್ಕೆ ಗೇಣು ದೂರದಲ್ಲಿ ಗಾಲಿಗಳು ಕಿರ್ರೆಂದು ನಿಂತವು.

ಅವಳು ಕೆಳಗಿಳಿದಾಗ ಕಣ್ಣಲ್ಲಿ ನೀರಿತ್ತು. ಗಂಡ ಬದುಕಿದನೆಂದೋ, ಬಸು ಚೆನ್ನ ಬದುಕುತ್ತಾರೆಂದೋ, ಗೂಳಪ್ಪನಿಗೆ ಕೇಳುವ ಧೈರ್ಯವಾಗಲಿಲ್ಲ.

ಬುಧವಾರ ನಸುಕಿನಲ್ಲಿ ಅವಳು ಬಸು, ಚೆನ್ನನ ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ಬೆಲ್ಲ ಕೊಟ್ಟು, ಮೈ ಸವರಿದಳು. ರೊಟ್ಟಿಯ ಬುತ್ತಿಯನ್ನೂ ಮೊಸರಿನ ಗಡಿಗೆಯನ್ನೂ ಬಾನೆಟ್ಟಿನ ಒಳಗೆ ಇಟ್ಟಳು. ಅಲ್ಲಿ ದಿನವಿಡೀ ತಂಪಿರುತ್ತದೆ. ಮಗಳೊಂದಿಗೆ ಹಿಂದಿನ ಸೀಟಿನಲ್ಲಿ ಕುಳಿತಳು.

ಗೂಳಪ್ಪ ರುಮಾಲು ಸರಿಪಡಿಸಿಕೊಂಡ, ಗತ್ತಿನಿಂದ ಸ್ಟೇರಿಂಗ್ ಹಿಡಿದ, ಎರಡು ಸಲ ಪೋಂ ಪೋಂ ಎಂದು ಹಾರ್ನ್ ಒತ್ತಿದ, ಆಮೇಲೆ ಬಾರುಕೋಲನ್ನು ಮುಂದೆ ಚಾಚಿ "ಹ್ಯಾ ಬಸೂ! ಹ್ಯಾ ಚೆನ್ನಾ!" ಎಂದು ಕೂಗಿದ, ಎಂಜಿನ್ನಿಲ್ಲದ ಆ ಮೋಟಾರಿನ ಮುಂದೆ ಎರಡು ಎತ್ತುಗಳು ನೊಗಕ್ಕೆ ಹೆಗಲು ಕೊಟ್ಟವು.