ಗಾಜಿನಾಚೆಯ ಕೆಂಪು ನೀರು

ನಿನ್ನೆ ಸಂಜೆ ಹಳದಿಯಿದ್ದ ಟ್ಯೂಬಿನ ನೀರು ಈಗ ಕೆಂಪಾಗಿತ್ತು. ಮಧುಗಿರಿಯ ಲ್ಯಾಬಿನಲ್ಲಿ ಲೋಹಿತಾ ಅದನ್ನು ಬೆಳಕಿಗೆ ಹಿಡಿದಳು. ಮಗುವಿನ ಮೂತ್ರದಲ್ಲಿ ಸಿಕ್ಕ ರೋಗಾಣುವಿನ ಬಗ್ಗೆ ಉಳಿದ ಪರೀಕ್ಷೆಗಳು ಹೇಳಿದ್ದನ್ನೇ ಆ ರೋಗಾಣುವನ್ನು ಬೆರೆಸಿಟ್ಟಿದ್ದ ಈ ನೀರಿನ ಬಣ್ಣವೂ ಹೇಳುತ್ತಿತ್ತು. ಮುಚ್ಚಿದ ಗಾಜಿನ ಕಿಟಕಿಯಾಚೆ ಪುರವರದ ಮಹಾಲಕ್ಷ್ಮಮ್ಮ, ಯಾವ ಔಷಧಿಗೂ ಜ್ವರ ಇಳಿಯದ ಮೊಮ್ಮಗನನ್ನು ಅವಚಿಕೊಂಡು ನಿಂತಿದ್ದಳು.

“ಯಾವ ಹುಳ ಅಂತ ಗೊತ್ತಾಯ್ತಜ್ಜಿ. ಇನ್ನು ಡಾಕ್ಟ್ರು ಅದಕ್ಕೆ ಸರಿಯಾದ ಔಷಧಿ ಕೊಡ್ತಾರೆ.”

ಅಜ್ಜಿಯ ಕಣ್ಣು ಟ್ಯೂಬಿನ ಮೇಲೇ ಇತ್ತು. “ಅರಿಶಿನದ ನೀರಿಗೆ ಸುಣ್ಣ ಬಿದ್ದಂಗೆ ಕೆಂಪಗಾಗೈತಲ್ಲ ತಾಯಿ! ಮನೇಲಿ ದಿಷ್ಟಿ ತೆಗೀತೀನಿ ಅಂದ್ರೆ ಮಗಳು ಬುಡ್ಲಿಲ್ಲ. ನೀನೇ ಒಂದ್ ಕಿತ ನೀವಾಳಿಸ್ಬುಡು.”

ಇದು ಆ ನೀರಲ್ಲ ಎನ್ನಲು ಲೋಹಿತಾ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಮಗುವನ್ನು ಗಾಜಿನ ಹತ್ತಿರಕ್ಕೆ ಎತ್ತಿ ಹಿಡಿದಾಗಿತ್ತು. ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಲೋಹಿತಾ ಟ್ಯೂಬಿನ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿಕೊಂಡಳು. ಆಮೇಲೆ ಗಾಜಿನ ಈಚೆಯಿಂದಲೇ ಮಗುವಿನ ಮುಖಕ್ಕೆ ಮೆಲ್ಲಗೆ ಮೂರು ಸುತ್ತು ನೀವಾಳಿಸಿದಳು.

ಮಹಾಲಕ್ಷ್ಮಮ್ಮ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. “ಅದ್ನ ಮೂರು ದಾರಿ ಕೂಡೋ ತಾವ ಚೆಲ್ಬೇಕು ಕಣಮ್ಮ.”

“ಚೆಲ್ಲಂಗಿಲ್ಲ ಅಜ್ಜಿ. ಹುಳ ಸಾಯ್ಲಿ ಅಂತ ದೊಡ್ಡ ಕುಕ್ಕರಲ್ಲಿ ಬೇಯಿಸ್ತೀವಿ.”

ಅಜ್ಜಿ ಟ್ಯೂಬನ್ನು ಮತ್ತೊಮ್ಮೆ ದಿಟ್ಟಿಸಿದಳು.

“ಅಂಗಾರೆ ಎರಡು ವಿಶಲ್ ಜಾಸ್ತೀನೇ ಕೂಗಿಸ್ಬುಡು ತಾಯಿ.”