ಗಾಡಿಗಳು ಹುಡುಗನ್ನ ನೋಡೋಕೆ ಬಂದ ದಿನ

ಆ ಕಾಲದಲ್ಲಿ ಗಾಡಿಗಳೇ ಹುಡುಗನ್ನ ನೋಡೋಕೆ ಮನೆಗೆ ಬರ್ತಿದ್ವು. ಹುಡುಗ ಯಾವುದಕ್ಕೆ ಕುಂಕುಮ ಇಡ್ತಾನೋ, ಜೀವನಪೂರ್ತಿ ಅದರಲ್ಲೇ ಓಡಾಟ. ಬೇರೆ ಯಾವ ಗಾಡಿಯೂ ಅವನನ್ನ ಹತ್ತಿಸ್ಕೊಳ್ತಿರಲಿಲ್ಲ.

ಮೈಸೂರಿನ ಭಾರ್ಗವನ ಅಂಗಳಕ್ಕೆ ಅವತ್ತು ಒಟ್ಟಿಗೇ ಎರಡು ಬಂದು ನಿಂತ್ವು.

"ನಾನಿದ್ರೆ ಆಫೀಸಲ್ಲಿ ಇಸ್ತ್ರಿ ಕೆಡದೆ ಇಳೀತೀಯಪ್ಪ," ಅಂತು ಬಿಳಿ ಕಾರು. "ಅಮ್ಮನೂ ಹಿಂದೆ ಆರಾಮಾಗಿ ಕೂತ್ಕೋತಾರೆ."

"ಇಳಿಯೋದು ಯಾವಾಗ? ಟ್ರಾಫಿಕ್ಕಲ್ಲೇ ರಿಟೈರ್ ಆಗ್ತೀಯ ಗುರೂ!" ಕರಿ ಬೈಕು ಗುಡುಗ್ತು. "ಭಾನುವಾರ ಚಾಮುಂಡಿ ಬೆಟ್ಟ, ಮುಖಕ್ಕೆ ಗಾಳಿ! ಹೀರೋ ಥರ ಬದುಕು, ಪಾರ್ಸೆಲ್ ಥರ ಅಲ್ಲ!"

ಬೆರಳಲ್ಲಿ ಕುಂಕುಮ ಹಿಡ್ಕೊಂಡು ಭಾರ್ಗವ ಬೈಕಿನ ಹತ್ರ ಹೋದ, ಮಳೆ ನೆನಪಾಯ್ತು. ಕಾರಿನ ಹತ್ರ ಹೋದ, ಪಾರ್ಕಿಂಗ್ ನೆನಪಾಯ್ತು.

"ಬೇಗ ಇಡೋ, ಮುಹೂರ್ತ ಮೀರ್ತಿದೆ!" ಅಂತ ಅಮ್ಮ ಕೂಗಿದ್ರು.

ಅವನಿಗೆ ಬೆವರು ಕಿತ್ಕೊಂಡು ಬಂತು. ಅದೇ ಬೆರಳಲ್ಲಿ ಹಣೆ ಒರೆಸ್ಕೊಂಡುಬಿಟ್ಟ.

ಗಾಡಿಗಳನ್ನ ಕರ್ಕೊಂಡು ಬಂದಿದ್ದ ದಲ್ಲಾಳಿ ಪುಟ್ಟಸ್ವಾಮಪ್ಪ ಅವನ ಹಣೆ ನೋಡಿ ಎದ್ದುನಿಂತ್ರು. "ಆಯ್ತಪ್ಪ, ಶುಭವಾಗ್ಲಿ. ಇನ್ಮೇಲೆ ನಿನ್ನ ಗಾಡಿ ನೀನೇ."

ಕಾರೂ ಬೈಕೂ ಗೇಟು ದಾಟಿದ್ವು.

ಅಮ್ಮ ಕಣ್ಣೊರೆಸ್ಕೊಂಡು, ಅವನ ಎರಡೂ ಚಪ್ಪಲಿ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ರು. "ಹೊರಡು ಮಗನೇ. ಮೊದಲು ಬಲಗಾಲು."