ರೇಸ್ ಬಿಡದ ಕಾಲು

ಗಾಡಿ ನಿಂತಿದ್ದರೂ ಜಕ್ಕಪ್ಪ ಎಕ್ಸಲರೇಟರ್ ಮೇಲಿಟ್ಟ ಕಾಲು ತೆಗೆದಿರಲಿಲ್ಲ. ಪಕ್ಕದಲ್ಲಿ ಕುಳಿತ ಅವನ ಅಕ್ಕನ ಮಗಳು ರೇಷ್ಮಾ ಆ ಕಾಲನ್ನೇ ನೋಡುತ್ತಿದ್ದಳು. ಬನಹಟ್ಟಿಯ ಸೀರೆ ಗಂಟುಗಳನ್ನು ಊರೂರಿಗೆ ಒಯ್ಯಲು ಅವಳು ಸೋದರಮಾವನ ಈ ಹಳೆಯ ಟೆಂಪೊ ಕೊಳ್ಳುವವಳಿದ್ದಳು.

“ಭಾಳ ಓಡೇತಿ ಖರೆ, ಇಂಜಿನ್ ಮಾತ್ರ ಗಟ್ಟಿ ಐತವಾ,” ಎಂದ ಜಕ್ಕಪ್ಪ.

ಮೀಟರಿನ ಗಾಜಿನ ಮೂಲೆಯಲ್ಲಿ ಬೀರೇಶ್ವರನ ಹೊಸ ಸ್ಟಿಕರ್ ಇತ್ತು. ಮುಂದೆ ಅಷ್ಟೊಂದು ಜಾಗವಿರುವಾಗ ದೇವರನ್ನು ಅಲ್ಲೇ ಏಕೆ ಅಂಟಿಸಿದ? ಇಂಜಿನ್ ಸವೆದು ಆಯಿಲ್ ಪ್ರೆಶರ್ ಬಿದ್ದರೆ ಹೊತ್ತಿಕೊಳ್ಳುವ, ರೇಸ್ ಕೊಟ್ಟರೆ ಆರಿಬಿಡುವ ಕೆಂಪು ದೀಪ ಇರುವುದೂ ಅದೇ ಮೂಲೆಯಲ್ಲಿ. ಕಿತ್ತು ನೋಡೋಣವೆಂದರೆ ಮನೆದೇವರು. ರೇಷ್ಮಾಳಿಗೆ ಕೈ ಬರಲಿಲ್ಲ.

“ಮಾಮಾ, ರೇಸ್ ಬಿಡ್ರಿ.”

“ಇಂಜಿನ್ ಬಿಸಿ ಆಗ್ಲಿ, ತಡಿ.”

“ಚಿಮ್ಮಡದಿಂದ ಓಡಿಸ್ಕೊಂಡ ಬಂದೀವಿ. ಇನ್ನೆಷ್ಟ ಬಿಸಿ ಆಗ್ಬೇಕ್ರಿ? ಕಾಲ ತಗೀರಿ.”

ಜಕ್ಕಪ್ಪ ಕಿಟಕಿಯ ಆಚೆ ನೋಡುತ್ತ ಕಾಲು ತೆಗೆದ. ಇಂಜಿನ್ನಿನ ಸದ್ದು ತಗ್ಗಿತು. ತೆಳುವಾದ ಸ್ಟಿಕರಿನಲ್ಲಿ ಬೀರೇಶ್ವರನ ಮುಖ ಮೊದಲು ಮಿಣುಕಿ, ಆಮೇಲೆ ಪೂರಾ ಕೆಂಪಾಯಿತು.

ರೇಷ್ಮಾ ದೇವರಿಗೆ ಕೈಮುಗಿದು ಗಾಡಿಯಿಂದ ಇಳಿದಳು.